ಉಂಗುರದ ಬೆರಳಿನ ಎರಡು ಮಗ್ಗುಲು

"ಶಾಕ್ ಕೊಡ್ತೀರಂತೆ, ಹೌದಾ?" ಎನ್‌ಸಿವಿ ಎಂಬ ನರದ ಟೆಸ್ಟಿಗೆ ಬಂದವರು ಕೂರುವ ಮೊದಲೇ ಕೇಳುವ ಮಾತಿದು. ಹೌದು, ಸಣ್ಣ ಶಾಕ್. ಚರ್ಮದ ಮೇಲಿಂದ ನರವನ್ನು ತಟ್ಟಿ ಎಬ್ಬಿಸಿ, ಸಂಕೇತ ಎಷ್ಟು ಬೇಗ ಓಡುತ್ತದೆ ಎಂದು ಅಳೆಯುವುದು ನನ್ನ ಕೆಲಸ.

ಮೊನ್ನೆ ಬಟ್ಟೆ ಹೊಲಿಯುವ ಅಕ್ಕ ಒಬ್ಬರು ಬಂದಿದ್ದರು. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದಂತೆ, ಕೊಡವಿದರೆ ಸರಿಹೋಗುತ್ತದಂತೆ. "ಯಾವ ಬೆರಳು?" ಎಂದೆ. "ಎಲ್ಲಾನೂ." ಸಾಮಾನ್ಯವಾಗಿ ಎಲ್ಲರೂ ಹಾಗೇ ಹೇಳುತ್ತಾರೆ. ಕಿರುಬೆರಳು ಮುಟ್ಟಿದೆ. "ಅಯ್ಯೋ, ಇದಲ್ಲ." ಆಮೇಲೆ ಉಂಗುರದ ಬೆರಳಿನ ಎರಡು ಮಗ್ಗುಲನ್ನೂ ಹತ್ತಿಯಿಂದ ಸವರಿದೆ. ನಡುಬೆರಳಿನ ಕಡೆ ಮಂದ, ಕಿರುಬೆರಳಿನ ಕಡೆ ಸರಿಯಾಗಿದೆ. ಮೆಷಿನ್ ಹಚ್ಚುವ ಮೊದಲೇ ಅರ್ಧ ಉತ್ತರ ಸಿಕ್ಕಿತು.

ಹೆಬ್ಬೆರಳಿನಿಂದ ಉಂಗುರದ ಬೆರಳಿನ ಅರ್ಧದವರೆಗೆ ಮೀಡಿಯನ್ ನರದ ಪಾಲು. ಉಳಿದ ಒಂದೂವರೆ ಬೆರಳು ಅಲ್ನಾರ್ ನರದ್ದು. ಮೊಣಕೈ ಬಾಗಿಲಿಗೆ ಬಡಿದರೆ ಕಿರುಬೆರಳಿನವರೆಗೆ ಝುಂ ಎನ್ನುತ್ತದಲ್ಲ, ಅದೇ ಅಲ್ನಾರ್. ಬೆನ್ನುಹುರಿಯಿಂದ ಹೊರಡುವ 31 ಜೊತೆ ನರಗಳಲ್ಲಿ ಕೈಗೆ ಬರುವವು ಮುಖ್ಯವಾಗಿ ಕುತ್ತಿಗೆಯ ಕೊನೆಯ ನಾಲ್ಕು, ಎದೆಯ ಮೊದಲನೆಯದು. ಭುಜದ ಹತ್ತಿರ ಅವೆಲ್ಲ ಜಡೆ ಹೆಣೆದಂತೆ ಸೇರಿ, ಹೊಸ ಕಟ್ಟುಗಳಾಗಿ ಇಳಿಯುತ್ತವೆ. ಹಾಗಾಗಿ ತೊಂದರೆ ಕುತ್ತಿಗೆಯಲ್ಲಿದ್ದರೆ ಸಾಮಾನ್ಯವಾಗಿ ಒಂದೇ ಬೆರಳು ಹೀಗೆ ಎರಡು ಪಾಲಾಗುವುದಿಲ್ಲ.

ಆ ಬೆರಳಿಗೇ ಎಲೆಕ್ಟ್ರೋಡ್ ಸುತ್ತಿ, 14 ಸೆಂ.ಮೀ. ದೂರದಿಂದ ಎರಡೂ ನರಗಳಿಗೆ ಒಂದಾದ ಮೇಲೊಂದು ಶಾಕ್ ಕೊಟ್ಟೆ. ಬೆರಳೂ ಒಂದೇ, ದೂರವೂ ಒಂದೇ. ಅರ್ಧ ಮಿಲಿಸೆಕೆಂಡ್ ತಡವಾದರೂ ನಮಗೆ ಅನುಮಾನ. ಇಲ್ಲಿ ಮೀಡಿಯನ್ 1 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಂದೆ ಬಿದ್ದಿತ್ತು. ಮುಂಗೈಯಲ್ಲಿ ಅದೇ ನರ ಸೆಕೆಂಡಿಗೆ 54 ಮೀಟರ್ ವೇಗದಲ್ಲಿ ಆರಾಮಾಗಿ ಓಡುತ್ತಿತ್ತು. ಅಂದರೆ ಅಡ್ಡಿ ಇರುವುದು ಮಣಿಕಟ್ಟಿನ ಇಕ್ಕಟ್ಟಿನಲ್ಲಿ. ನರಕ್ಕೆ ಮಯಲಿನ್ ಎಂಬ ಹೊದಿಕೆ ಇದೆ, ನಡುನಡುವೆ ಸಣ್ಣ ಸಂದು ಬಿಟ್ಟು. ಸಂಕೇತ ಸಂದಿನಿಂದ ಸಂದಿಗೆ ಜಿಗಿಯುತ್ತದೆ. ಒತ್ತಡಕ್ಕೆ ಹೊದಿಕೆ ಕೆಟ್ಟ ಕಡೆ ತೆವಳುತ್ತದೆ.

ಅಂದಹಾಗೆ, ಶುರುವಿನಲ್ಲಿ ನಾನೊಮ್ಮೆ ಚೆನ್ನಾಗಿಯೇ ಎಡವಿದ್ದೆ. ಎಸಿ ರೂಮಿನಲ್ಲಿ ತಣ್ಣಗಾಗಿದ್ದ ಕೈ. ಎಲ್ಲ ನರಗಳೂ ನಿಧಾನ ಎಂದು ಬರೆದುಕೊಂಡೆ. ಡಾಕ್ಟರ್ ಬಂದು ಆ ಕೈ ಮುಟ್ಟಿದರು, ಅಷ್ಟೇ. "ಬಿಸಿನೀರಲ್ಲಿ ಇಡಿಸಿ, ಮತ್ತೆ ಮಾಡು" ಎಂದರು. ಎಲ್ಲವೂ ಸರಿ ಬಂತು! ಈಗ ಚರ್ಮ 32 ಡಿಗ್ರಿ ತಲುಪದೆ ಶಾಕ್ ಕೊಡುವುದಿಲ್ಲ.

ವೈರು ಬಿಚ್ಚುವಾಗ ಅಕ್ಕ ಕೇಳಿದರು, "ಹೊಲಿಗೆ ಬಿಡ್ಬೇಕಾ?"

"ಅದನ್ನ ಡಾಕ್ಟರ್ ಹೇಳ್ತಾರೆ. ನೀವು ಮಾತ್ರ ಮಣಿಕಟ್ಟು ಮಡಚಿಕೊಂಡು ಮಲಗಬೇಡಿ ಅಕ್ಕ."