ಡೆಸ್ಕ್‌ಟಾಪ್: ಬ್ರ್ಯಾಂಡೆಡ್ ಕೊಳ್ಳುವುದೋ, ಬಿಡಿ ಭಾಗ ತಂದು ಜೋಡಿಸುವುದೋ?

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಡೆಸ್ಕ್‌ಟಾಪ್ ಬೇಕು ಎಂದರೆ ಮೂರು ದಾರಿಗಳಿವೆ: ಕಂಪನಿಯ ಸೀಲ್ ಇರುವ ಬ್ರ್ಯಾಂಡೆಡ್ ಪಿಸಿ, ಅಂಗಡಿಯವರೇ ಅಸೆಂಬಲ್ ಮಾಡಿಕೊಡುವ ಪಿಸಿ, ಅಥವಾ ಭಾಗಗಳನ್ನು ಕೊಂಡು ಮನೆಯಲ್ಲಿ ನೀವೇ ಜೋಡಿಸುವುದು. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಿಜವಾದ ವ್ಯತ್ಯಾಸ ಜಾಹೀರಾತಿನಲ್ಲಿ ಕಾಣದ ಎರಡು ಭಾಗಗಳಲ್ಲಿದೆ: ಮದರ್‌ಬೋರ್ಡ್ (ಎಲ್ಲ ಭಾಗಗಳು ಕೂರುವ ಮುಖ್ಯ ಬೋರ್ಡ್) ಮತ್ತು ಎಸ್‌ಎಂಪಿಎಸ್ (ಎಲ್ಲಕ್ಕೂ ವಿದ್ಯುತ್ ಕೊಡುವ ಪವರ್ ಸಪ್ಲೈ). ಅವೆರಡನ್ನೂ ನಿಮಗಾಗಿ ಯಾರು ಆರಿಸುತ್ತಿದ್ದಾರೆ ಎಂದು ಮೊದಲು ನೋಡಿ.

ಟ್ಯಾಲಿ, ನುಡಿ, ಬ್ರೌಸರ್, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ಕೆಲಸವಿದ್ದರೆ ಬ್ರ್ಯಾಂಡೆಡ್ ಸಾಕು. ವಿಂಡೋಸ್ ಲೈಸೆನ್ಸ್ ಜೊತೆಗೇ ಬರುತ್ತದೆ. ಕೆಟ್ಟರೆ ಒಂದೇ ಕಡೆ ಫೋನ್ ಮಾಡಿದರಾಯಿತು. ಆಫೀಸಿಗೆಂದೇ ಮಾಡಿದ ಸರಣಿಗಳಲ್ಲಿ 3 ವರ್ಷದ ಆನ್‌ಸೈಟ್ (ನೀವಿರುವಲ್ಲಿಗೇ ಬಂದು ರಿಪೇರಿ ಮಾಡುವ) ವಾರಂಟಿಯೂ ಸಿಗುತ್ತದೆ. ದುಡ್ಡು ಕಡಿಮೆಯಿದ್ದರೆ ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಪ್ರೋಡೆಸ್ಕ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಆದರೆ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದನ್ನು ಮುಟ್ಟಬೇಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಅದಕ್ಕಿಂತ ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ.

ಮುಂದೆ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಮೂಡಿಸುವ ಪ್ರತ್ಯೇಕ ಕಾರ್ಡ್) ಹಾಕುವ ಆಸೆಯಿದ್ದರೆ ಇಂಥ ಆಫೀಸ್ ಪಿಸಿ ಬೇಡ. ಇವುಗಳಲ್ಲಿ ಹಲವಕ್ಕೆ 180ರಿಂದ 260 ವ್ಯಾಟ್‌ನ ಎಸ್‌ಎಂಪಿಎಸ್, ಅದಕ್ಕೆ ಕಂಪನಿಯದೇ ಕನೆಕ್ಟರ್. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಅಳತೆಯ (ಎಟಿಎಕ್ಸ್) ಎಸ್‌ಎಂಪಿಎಸ್ ತಂದರೆ ಪಿನ್ನೇ ಕೂರುವುದಿಲ್ಲ. ಸಣ್ಣ ಕ್ಯಾಬಿನೆಟ್‌ನವಕ್ಕಂತೂ ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಓಡುವ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ.

ಜೋಡಿಸಿದರೆ ಅಗ್ಗ ಎಂಬ ಹಳೆಯ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಿಗಿಯಿತು. ಹಳೆಯ ಸ್ಟಾಕ್‌ನ ಬ್ರ್ಯಾಂಡೆಡ್ ಪಿಸಿ ಕೆಲವೊಮ್ಮೆ ಬಿಡಿ ಭಾಗಗಳ ಮೊತ್ತಕ್ಕಿಂತ ಕಡಿಮೆಗೆ ಬರುತ್ತದೆ. ಹೋಲಿಸುವಾಗ ಆ ದಿನದ ದರವನ್ನೇ ಹಿಡಿಯಿರಿ. 18% ಜಿಎಸ್‌ಟಿ ಮತ್ತು ವಿಂಡೋಸ್ ಲೈಸೆನ್ಸನ್ನು ಎರಡೂ ಕಡೆ ಸೇರಿಸಿ.

ಅಂಗಡಿಯಲ್ಲಿ ಮಾಡಿಸುವುದಾದರೆ ಕೊಟೇಶನ್‌ನಲ್ಲಿ ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು ಬರೆಸಿಕೊಳ್ಳಿ. ‘500 ಜಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್’ ಎಂದಷ್ಟೇ ಇದ್ದರೆ ಅಂಗಡಿಯವರು ಏನನ್ನು ಬೇಕಾದರೂ ಹಾಕಬಹುದು. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿ. ಬಿಲ್ ಇಲ್ಲದೆ ಕೊಂಡರೆ ವಾರಂಟಿ ಕೇಳುವುದು ಕಷ್ಟ.

ಎಸ್‌ಎಂಪಿಎಸ್ ಲೇಬಲ್ ಓದುವುದನ್ನು ಕಲಿತುಬಿಡಿ, ಅರ್ಧ ಮೋಸ ಅಲ್ಲೇ ತಪ್ಪುತ್ತದೆ. ದೊಡ್ಡಕ್ಷರದ ವ್ಯಾಟ್ ಬಿಟ್ಟು +12 ವೋಲ್ಟ್ ಎಂಬ ಕಾಲಂ ನೋಡಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12 × 16 = 192 ವ್ಯಾಟ್; ಹೊರಗೆ 450 ಎಂದು ಬರೆದಿದ್ದರೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುವುದು ಅಷ್ಟೇ. ಒಳ್ಳೆಯ 550 ವ್ಯಾಟ್‌ನದ್ದರಲ್ಲಿ ಅದೇ ಕಾಲಂ 45 ಆಂಪಿಯರ್ ಆಸುಪಾಸು ಇರುತ್ತದೆ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಎಸ್‌ಎಂಪಿಎಸ್ ಬೇಡವೇ ಬೇಡ.

ಪ್ರೊಸೆಸರ್ ಆರಿಸುವಾಗ ಹೆಸರಿನ ಕೊನೆಯ ಅಕ್ಷರ ಗಮನಿಸಿ. ಎಎಂಡಿಯ ರೈಜೆನ್ 5 5600ಜಿ ಒಳಗೇ ಗ್ರಾಫಿಕ್ಸ್ ಇದೆ, ಬರೀ 5600ರಲ್ಲಿ ಇಲ್ಲ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಇವನ್ನು ಕೊಂಡರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. 16 ಜಿಬಿ ರ‍್ಯಾಮ್ ಬೇಕಿದ್ದರೆ 8ರ ಎರಡು ಸ್ಟಿಕ್ ತಗೊಳ್ಳಿ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮ್ ಬಳಸುವುದರಿಂದ ಒಂದೇ ಸ್ಟಿಕ್ ಹಾಕಿದರೆ ವೇಗ ಎದ್ದು ಕಾಣುವಷ್ಟು ಬೀಳುತ್ತದೆ. ಕೆಲವು ವರ್ಷಗಳ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆಯಿದ್ದರೆ ಎಎಂಡಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್ ಮತ್ತು ಡಿಡಿಆರ್5 ರ‍್ಯಾಮ್‌ಗೆ ಹೋಗಿ. ಅದಕ್ಕಿಂತ ಹಳೆಯ ಎಎಂ4 ಸಾಕೆಟ್‌ಗೆ ಮುಂದಿನ ತಲೆಮಾರಿನ ಪ್ರೊಸೆಸರ್ ಇಲ್ಲ.

ಇನ್ನು ಜೋಡಣೆ. ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಪ್ರೊಸೆಸರ್, ಕೂಲರ್, ರ‍್ಯಾಮ್, ಎಂ.2 ಎಸ್‌ಎಸ್‌ಡಿ (ನೇರ ಬೋರ್ಡಿಗೇ ಕೂರುವ ಪಟ್ಟಿಯಂಥದ್ದು) ಕೂರಿಸಿ. ಪ್ರೊಸೆಸರ್ ಮೂಲೆಯ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಹೊಂದಬೇಕು. ಎಎಂ4ನಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ಒತ್ತಿದರೆ ಪಿನ್ ಬಾಗುತ್ತದೆ. ಪ್ರೊಸೆಸರ್ ಜೊತೆ ಬರುವ ಕಂಪನಿ ಕೂಲರ್‌ಗೆ ಶಾಖ ಸಾಗಿಸುವ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಮತ್ತೆ ಹಚ್ಚಬೇಡಿ. ಸ್ಕ್ರೂ ಇರುವ ಕೂಲರ್ ಆದರೆ ನಾಲ್ಕನ್ನೂ ಕರ್ಣಾಕಾರವಾಗಿ, ಎರಡೆರಡು ಸುತ್ತು ತಿರುಗಿಸುತ್ತಾ ಬಿಗಿ ಮಾಡಿ. ರ‍್ಯಾಮ್ ಎರಡೇ ಇದ್ದು ಸ್ಲಾಟ್ ನಾಲ್ಕಿದ್ದರೆ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೆಯದರಲ್ಲಿ ಹಾಕಿ.

ಕ್ಯಾಬಿನೆಟ್‌ನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳು (ಬೋರ್ಡನ್ನು ಎತ್ತರಿಸಿ ಹಿಡಿಯುವ ಗಿಡ್ಡ ಕಂಬಗಳು) ಬೋರ್ಡಿನ ತೂತುಗಳಿರುವ ಕಡೆ ಮಾತ್ರ ಇರಲಿ. ತೂತಿಲ್ಲದ ಕಡೆ ಒಂದು ಉಳಿದರೂ ಬೋರ್ಡಿನ ಹಿಂಭಾಗಕ್ಕೆ ತಾಗಿ ಶಾರ್ಟ್ ಆಗಬಹುದು. ಬೋರ್ಡಿಗೆ 24 ಪಿನ್ ಕೇಬಲ್ ಜೊತೆಗೆ ಪ್ರೊಸೆಸರ್‌ಗೆಂದು ಮೇಲಿನ ಎಡಮೂಲೆಯಲ್ಲಿ ಬೇರೆ 8 ಪಿನ್ ಇದೆ. ಹೊಸಬರು ಇದನ್ನೇ ಮರೆಯುವುದು; ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. 4+4 ಎಂದು ಸೀಳುವುದು ಪ್ರೊಸೆಸರ್‌ಗೆ, 6+2 ಗ್ರಾಫಿಕ್ಸ್ ಕಾರ್ಡ್‌ಗೆ.

ಮೊದಲ ಸಲ ಆನ್ ಮಾಡಿದಾಗ ಎಎಂ5 ಬೋರ್ಡ್ ರ‍್ಯಾಮ್ ಪರೀಕ್ಷಿಸುತ್ತಾ ಹಲವು ನಿಮಿಷ ಪರದೆ ತೋರಿಸದಿರಬಹುದು. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ. ಆಮೇಲೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್ ಪರದೆ) ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ, ಇಲ್ಲದಿದ್ದರೆ 6000 ವೇಗದ ರ‍್ಯಾಮ್ 4800ರಂಥ ಕಡಿಮೆ ವೇಗದಲ್ಲೇ ಓಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹೋಗಬೇಕು.

ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಬಹುತೇಕ ಗೋಡೆಯ ಸಾಕೆಟ್‌ಗೆ ಅರ್ತಿಂಗ್ ಇಲ್ಲ ಎಂದರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸೋರುವ ಸಣ್ಣ ಕರೆಂಟಿಗೆ ಭೂಮಿಗೆ ದಾರಿ ಸಿಗದೆ ಲೋಹದ ಮೇಲೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ. ಮೂರನೇ ಪಿನ್ ಮುರಿದು ಬಳಸಬೇಡಿ. ಮನೆಯ ಇನ್ವರ್ಟರ್‌ಗೆ ಜೋಡಿಸುವವರು ಅದನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ, ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಪಿಸಿ ರೀಸ್ಟಾರ್ಟ್ ಆಗಬಹುದು.

ಪೆಟ್ಟಿಗೆಗಳನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ. ಇಂಟೆಲ್ ಮತ್ತು ಎಎಂ5 ಬೋರ್ಡಿನ ಸಾಕೆಟ್ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನೂ ಎತ್ತಿಡಿ. ಅದಿಲ್ಲದೆ ಬೋರ್ಡ್ ಕಳಿಸಿದರೆ ದಾರಿಯಲ್ಲಿ ಸಾಕೆಟ್ ಪಿನ್ ಬಾಗಬಹುದು, ಪಿನ್ ಬಾಗಿದ ಬೋರ್ಡನ್ನು ಸರ್ವಿಸ್ ಸೆಂಟರ್‌ನವರು ವಾರಂಟಿಗೆ ತಗೊಳ್ಳುವುದಿಲ್ಲ.