ಬಿಚ್ಚುವ ಮೊದಲು ಸ್ಪ್ರಿಂಗ್‌ನ ಬಿಗಿ ಇಳಿಸಿ

ಮೆಕ್ಯಾನಿಕಲ್ ಕೈಗಡಿಯಾರ ಬಿಚ್ಚಿ ಜೋಡಿಸಲು ಕಲಿಯುತ್ತಿರುವವರು ದಯವಿಟ್ಟು ಗಮನಿಸಿ: ಚಕ್ರಗಳ ಓಟವನ್ನು ತಡೆತಡೆದು ಬಿಡುವ ಪುಟ್ಟ ಕವಲಾದ ಪ್ಯಾಲೆಟ್ ಫೋರ್ಕ್ ತೆಗೆಯುವ ಮೊದಲು ಮುಖ್ಯ ಸ್ಪ್ರಿಂಗ್‌ನ ಬಿಗಿಯನ್ನು ಪೂರ್ತಿ ಇಳಿಸಿ. ಕೀ ಕೊಡುವ ತಿರುಪನ್ನು ಬೆರಳುಗಳಲ್ಲಿ ಹಿಡಿದು ತುಸು ಮುಂದಕ್ಕೆ ತಿರುಗಿಸಿ, ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಪುಟ್ಟ ಕೊಕ್ಕೆಯಾದ ಕ್ಲಿಕ್ ಅನ್ನು ಚಿಮುಟದ ತುದಿಯಿಂದ ಪಕ್ಕಕ್ಕೆ ಸರಿಸಿ. ತಿರುಪು ಬೆರಳುಗಳ ನಡುವೆ ನಿಧಾನವಾಗಿ ಹಿಂದಕ್ಕೆ ಜಾರಲಿ, ಕೈಬಿಡಬೇಡಿ. ನಾನು ಇದನ್ನು ಮರೆತ ದಿನ ಚಕ್ರಗಳೆಲ್ಲ ಗಿರ್ರನೆ ಸುತ್ತಿ, ಪ್ಯಾಲೆಟ್ ಫೋರ್ಕ್ ತಡೆಯುವ ಎಸ್ಕೇಪ್ ಚಕ್ರದ ಕೂದಲೆಳೆಯಂಥ ಪಿವಟ್ (ಅಚ್ಚಿನ ತುದಿ) ಮುರಿಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಮರಳಿ ಜೋಡಿಸುವಾಗ, ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಪಟ್ಟಿಯಾದ ಬ್ರಿಡ್ಜ್‌ನ ಸ್ಕ್ರೂಗಳನ್ನು ಒಮ್ಮೆಗೇ ಬಿಗಿಯಬೇಡಿ. ಬ್ರಿಡ್ಜನ್ನು ಹಗುರವಾಗಿ ಒತ್ತಿಹಿಡಿದು, ಮುಖ್ಯ ಸ್ಪ್ರಿಂಗ್ ಇರುವ ಡಬ್ಬಿಯಾದ ಬ್ಯಾರೆಲ್‌ನ ಹಲ್ಲನ್ನು ಸ್ವಲ್ಪ ನೂಕಿ. ಕೊನೆಯ ಚಕ್ರದವರೆಗೂ ಸರಾಗವಾಗಿ ತಿರುಗಿದರೆ ಮಾತ್ರ ಬಿಗಿಯಿರಿ. ಪ್ಯಾಲೆಟ್ ಫೋರ್ಕ್‌ನ ಪಿವಟ್‌ಗಳಿಗೆ ಸಾಮಾನ್ಯವಾಗಿ ಎಣ್ಣೆ ಬೇಡ. ಅಷ್ಟು ಹಗುರವಾದ ಭಾಗಕ್ಕೆ ಎಣ್ಣೆಯ ಜಿಗುಟೇ ಭಾರ.