ಕಾಡುಗೆಣಸು: ಎಲೆ ನೋಡದೆ ಒಲೆಗೆ ಇಡಬೇಡಿ

ಹೃದಯದಾಕಾರದ ಒಂಟಿ ಎಲೆ, ಎಲೆಕಂಕುಳಲ್ಲಿ ಕಂದುಬಣ್ಣದ ಪುಟ್ಟ ಗೆಡ್ಡೆ ಬಿಡುವ ಬಳ್ಳಿಯಾದರೆ ಅದರ ಗೆಣಸನ್ನು ತಿನ್ನಬಹುದು, ಆದರೆ ಕಹಿ ತೆಗೆದ ಮೇಲೆಯೇ. ಆ ಕಹಿಯಲ್ಲಿರುವ ಡಯೋಸ್‌ಬಲ್ಬಿನ್ ಎಂಬ ವಸ್ತು ಯಕೃತ್ತಿಗೆ ಕೆಟ್ಟದ್ದು.

ಕೈಗೆ ಎಣ್ಣೆ ಸವರಿಕೊಳ್ಳಿ, ಲೋಳೆ ತುರಿಸುತ್ತದೆ. ಸಿಪ್ಪೆಯನ್ನು ದಪ್ಪಗೆ ಹೆರೆದು, 3 ಮಿ.ಮೀ.ನಷ್ಟು ತೆಳು ಬಿಲ್ಲೆ ಮಾಡಿ. ಉಪ್ಪು ಹಾಕಿದ ಧಾರಾಳ ನೀರಲ್ಲಿ 20 ನಿಮಿಷ ಕುದಿಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಮತ್ತೊಮ್ಮೆ ಕುದಿಸಿ. ಆಮೇಲೆ ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕಿ, ನಡುವೆ ನೀರು ಬದಲಿಸಿ. ಇಡೀ ಗೆಡ್ಡೆಯನ್ನೇ ಕುಕ್ಕರಿಗೆ ಹಾಕುವವರಿದ್ದಾರೆ; ಹೊರಹೋಗಲು ದಾರಿಯಿಲ್ಲದೆ ಕಹಿಯೆಲ್ಲ ಒಳಗೇ ಉಳಿಯುತ್ತದೆ. ಬೆಂದ ಚೂರೊಂದನ್ನು ನಾಲಿಗೆಗೆ ತಾಗಿಸಿ ನೋಡಿ. ಇನ್ನೂ ಕಹಿಯಿದ್ದರೆ ಹುಳಿ-ಬೆಲ್ಲ ಹಾಕಿ ಮುಚ್ಚಬೇಡಿ, ಎಸೆದುಬಿಡಿ.

ಒಂದೇ ತೊಟ್ಟಿನಲ್ಲಿ ಮೂರು ಎಲೆ, ಬಳ್ಳಿಯ ಮೈಮೇಲೆ ಮುಳ್ಳು ಕಂಡರೆ ಅಗೆಯಲೇಬೇಡಿ. ಅದರಲ್ಲಿರುವ ಡಯೋಸ್ಕೊರಿನ್ ಎಂಬ ವಸ್ತು ನರಗಳಿಗೆ ವಿಷ. ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಒಮ್ಮೆ ಬೇಯಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಸರಿಯಾಗಿ ಬೇಯಿಸಿದ ಗೆಣಸಿನಲ್ಲಿ ಪಿಷ್ಟ, ನಾರು, ಪೊಟ್ಯಾಸಿಯಂ ಚೆನ್ನಾಗಿವೆ. ಪ್ರೋಟೀನ್ ಕಡಿಮೆ, ಜೊತೆಗೆ ಬೇಳೆಯೋ ಹುರುಳಿಯೋ ಇರಲಿ. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು ಕಹಿ ಜಾತಿ ಮುಟ್ಟದಿರುವುದೇ ಒಳ್ಳೆಯದು.